ಮುಚ್ಚಳದ ಕೆಳಗಿನ ಲೆಕ್ಕ

ನಗರಸಭೆಯ ಬಜೆಟ್ ಸಭೆಯಲ್ಲಿ ಯುಜಿಡಿ, ಅಂದರೆ ಒಳಚರಂಡಿ ನಿರ್ವಹಣೆಯ ಪುಟ ಬರುವುದು ಸಾಮಾನ್ಯವಾಗಿ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ. ಉದ್ಯಾನ, ಹೈಮಾಸ್ಟ್ ದೀಪ, ಸ್ವಾಗತ ಕಮಾನುಗಳ ಮೇಲೆ ಬೆಳಿಗ್ಗೆಯಿಂದ ಜಗಳವಾಗಿರುತ್ತದೆ. ಈ ಪುಟಕ್ಕೆ ಬಂದಾಗ ಯಾರೋ ಒಬ್ಬರು ‘ಮುಂದೆ ಹೋಗಿ’ ಅನ್ನುತ್ತಾರೆ. ಅರ್ಧ ಲಕ್ಷದಿಂದ ಒಂದು ಲಕ್ಷ ಜನರಿರುವ ಊರುಗಳಲ್ಲೇ ಎಂಜಿನಿಯರ್ ಆಗಿ ಸೇವೆ ಮುಗಿಸಿದವನು ನಾನು. ಆ ಪುಟವನ್ನು ಹೇಗೆ ಬರೆಯಬೇಕಿತ್ತು ಎಂಬುದು ಅರ್ಥವಾಗುವ ಹೊತ್ತಿಗೆ ತಲೆ ನರೆತಿತ್ತು.

1. ಮೊದಲು ಮುಚ್ಚಳ ಎಣಿಸಿ, ಆಮೇಲೆ ರೂಪಾಯಿ

ನಾನು ಚಾರ್ಜ್ ತೆಗೆದುಕೊಂಡಾಗ ಬೀರುವಿನಲ್ಲಿ ನಕ್ಷೆಯ ಸುರುಳಿಯೊಂದಿತ್ತು. ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದರ್ಧ ಹಿಡಿದು ಬೀದಿಗೆ ಇಳಿದರೆ ನಕ್ಷೆಯಲ್ಲಿರುವ ಮ್ಯಾನ್‌ಹೋಲ್ ನೆಲದಲ್ಲಿಲ್ಲ. ಸಣ್ಣ ಪೈಪಿನ ಲೈನಿನಲ್ಲಿ ಸುಮಾರು 30 ಮೀಟರಿಗೊಂದು ಮ್ಯಾನ್‌ಹೋಲ್ ಇರಬೇಕು. ನೂರು ಮೀಟರ್ ನಡೆದರೂ ಒಂದೂ ಸಿಗಲಿಲ್ಲವೆಂದರೆ ಅವು ಡಾಂಬರಿನ ಕೆಳಗಿವೆ ಎಂದೇ ಅರ್ಥ. ನಮ್ಮಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಬ್ಬ ಸಹಾಯಕರಿದ್ದರು. ಹಾರೆಯ ಹಿಂಬದಿಯಿಂದ ರಸ್ತೆಯನ್ನು ಕುಟ್ಟುತ್ತ ಹೋಗಿ, ಒಂದು ಕಡೆ ನಿಂತು, ‘ಸಾರ್, ಇಲ್ಲಿ ಡೊಳ್ಳು’ ಅನ್ನುತ್ತಿದ್ದರು. ಅಗೆದರೆ ಮುಚ್ಚಳ. ಊರಿನ ಯುಜಿಡಿ ನಕ್ಷೆ ಇದ್ದದ್ದು ಅವರ ಕಿವಿಯಲ್ಲಿ. ಅವರನ್ನು ಮೂರು ತಿಂಗಳು ಬೇರೆ ಯಾವ ಕೆಲಸಕ್ಕೂ ಕಳಿಸದೆ ಊರೆಲ್ಲ ಸುತ್ತಿಸಿದೆ. ಸಿಕ್ಕ ಮುಚ್ಚಳಕ್ಕೆಲ್ಲ ನಂಬರ್ ಬರೆಸಿದೆವು. ನನ್ನ ಸೇವೆಯಲ್ಲಿ ಅಷ್ಟು ಅಗ್ಗಕ್ಕೆ ಅಷ್ಟು ದೊಡ್ಡ ಕೆಲಸ ಮತ್ತೊಂದು ಆಗಲಿಲ್ಲ.

ಅಂದಿನಿಂದ ಯಾವ ರಸ್ತೆಯ ಅಂದಾಜುಪಟ್ಟಿ ಬಂದರೂ ಮ್ಯಾನ್‌ಹೋಲ್ ಎತ್ತರಿಸುವ ಐಟಂ ಇದೆಯೇ ಎಂದು ನೋಡದೆ ಸಹಿ ಹಾಕಿದ್ದಿಲ್ಲ. ಅದು ರಸ್ತೆಯ ಖರ್ಚು. ಯುಜಿಡಿ ತಲೆಗೆ ಕಟ್ಟಲು ಬಿಡಬೇಡಿ.

2. ಹೋದ ವರ್ಷದ ಮೊತ್ತಕ್ಕೆ ಶೇ 10 ಸೇರಿಸಿದರೆ ಬಜೆಟ್ ಆಗುವುದಿಲ್ಲ

ನೀರಿನಿಂದ ಶುರು ಮಾಡಿ. 50,000 ಜನ, ತಲಾ ದಿನಕ್ಕೆ 135 ಲೀಟರ್, ಅದರಲ್ಲಿ ಶೇ 80ರಷ್ಟು ಚರಂಡಿಗೆ ಬರುತ್ತದೆ ಎಂಬುದು ವಿನ್ಯಾಸದ ವಾಡಿಕೆ. ಅಂದರೆ ದಿನಕ್ಕೆ 54 ಲಕ್ಷ ಲೀಟರ್. ಇದರಲ್ಲಿ ಎಷ್ಟು ತಾನಾಗಿ ಇಳಿದು ಹೋಗುತ್ತದೆ, ಎಷ್ಟನ್ನು ಪಂಪ್ ಮಾಡಿ ಎತ್ತಬೇಕು? ಅಲ್ಲಿಂದ ಪಂಪಿನ ಗಂಟೆ, ಗಂಟೆಯಿಂದ ಯೂನಿಟ್. 50 ಎಚ್‌ಪಿ ಮೋಟಾರು ಪೂರ್ತಿ ಲೋಡಿನಲ್ಲಿ ದಿನಕ್ಕೆ 10 ಗಂಟೆ ಓಡಿದರೆ ಸುಮಾರು 373 ಯೂನಿಟ್, ವರ್ಷಕ್ಕೆ 1.36 ಲಕ್ಷ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ 8 ಲಕ್ಷ ದಾಟಿತು. ಒಂದೇ ಮೋಟಾರಿಗೆ.

ವಿದ್ಯುತ್ ಬಿಲ್ಲು ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ವಿದ್ಯುತ್ ಅನುದಾನದಲ್ಲಿ ಹೋಗುತ್ತದೆ ಎಂಬ ಧೈರ್ಯದಲ್ಲಿ ನಮ್ಮ ಕಚೇರಿಯಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ, ನಾನೂ ಸೇರಿ. ಒಂದು ದಿನ ಸುಮ್ಮನೆ ತಿರುವಿ ಹಾಕಿದಾಗ ಪ್ರತಿ ತಿಂಗಳೂ ಪವರ್ ಫ್ಯಾಕ್ಟರ್ ದಂಡ ಬೀಳುತ್ತಿರುವುದು ಕಂಡಿತು. ಪಂಪ್‌ಹೌಸ್‌ನ ಕೆಪಾಸಿಟರ್ ಸುಟ್ಟು ಎಷ್ಟು ಕಾಲವಾಗಿತ್ತೋ! ಆಪರೇಟರ್ ಬರೆದುಕೊಟ್ಟಿದ್ದ ಚೀಟಿ ಫೈಲಿನಲ್ಲೇ ಇತ್ತು.

3. ಬೆಳಿಗ್ಗೆ ಆರಕ್ಕೆ ವೆಟ್‌ವೆಲ್ ಪಕ್ಕ ನಿಲ್ಲಿ

ಊರು ಎದ್ದು ಸ್ನಾನಕ್ಕೆ ಇಳಿಯುವ ಹೊತ್ತು ಅದು. ನೋಡುತ್ತಿದ್ದಂತೆ, ಪಂಪಿಗೆ ಮೊದಲು ಕೊಳಚೆ ಬಂದು ತುಂಬುವ ಈ ಬಾವಿಯಲ್ಲಿ ನೀರು ಏರುತ್ತದೆ. ಜಾಲರಿಯಲ್ಲಿ ಏನು ಸಿಕ್ಕಿದೆ ನೋಡಿ: ಶಾಂಪೂ ಸ್ಯಾಷೆ, ಪ್ಯಾಡು, ತೆಂಗಿನ ನಾರು, ಬನಿಯನ್ ಚೂರು, ಮದುವೆ ಛತ್ರದ ಕಡೆಯಿಂದ ಬಾಳೆಲೆಯ ದಿಂಡು. ಜಾಲರಿ ತುಕ್ಕು ಹಿಡಿದು ಎರಡು ಸಲಾಕೆ ಹೋಗಿದ್ದರೆ ಇದೆಲ್ಲ ಸೀದಾ ಪಂಪಿನ ಹೊಟ್ಟೆಗೆ. ನಮ್ಮಲ್ಲಿ ಆಗುತ್ತಿದ್ದದ್ದೂ ಅದೇ. ಮೋಟಾರು ಸುಡುವುದು, ‘ತುರ್ತು’ ಎಂದು ಬರೆದು ರಿವೈಂಡಿಂಗ್‌ಗೆ ಕಳಿಸುವುದು. ಒಮ್ಮೆ ವೋಚರುಗಳನ್ನೆಲ್ಲ ಹರವಿ ಕೂಡಿಸಿದೆ. ಎರಡು ವರ್ಷದ ರಿವೈಂಡಿಂಗ್ ದುಡ್ಡಿನಲ್ಲಿ ಹೊಸ ಜಾಲರಿಯೂ ಒಂದು ಸ್ಪೇರ್ ಪಂಪೂ ಬರುತ್ತಿದ್ದವು. ತುರ್ತು ಎಂಬ ಪದದ ಕೆಳಗೆ ಮತ್ತೆ ಮತ್ತೆ ಅದೇ ಖರ್ಚು ಬರುತ್ತಿದ್ದರೆ ಅದು ತುರ್ತಲ್ಲ, ನಾವು ಬಜೆಟ್‌ನಲ್ಲಿ ಬರೆಯಲು ಮರೆತದ್ದು.

ಜನರೇಟರಿಗೆ ಡೀಸೆಲ್ ಕೂಡ ಹೀಗೆ ಮರೆಯುವ ಬಾಬ್ತು. ರಾತ್ರಿ ಕರೆಂಟ್ ಹೋಗಿ ವೆಟ್‌ವೆಲ್ ತುಂಬಿದರೆ ನೀರು ಹಿಂದಕ್ಕೆ ಒತ್ತಿ ತಗ್ಗಿನ ಮನೆಗಳ ಬಚ್ಚಲಲ್ಲಿ ಏಳುತ್ತದೆ. ಆ ಮನೆಯವರ ಮುಂದೆ ನಿಂತು ಅನುದಾನದ ಮಾತಾಡಿ ನೋಡಿ.

4. ಮಳೆ ಹೇಳಿದ್ದನ್ನು ಬರೆದುಕೊಳ್ಳಿ

ಮೊದಲ ಜೋರು ಮಳೆಗೆ ಯಾವ ಬೀದಿಯ ಮುಚ್ಚಳ ಎಗರುತ್ತದೋ ಆ ಬೀದಿಯ ತಾರಸಿ ನೀರು ಯುಜಿಡಿಗೆ ಬರುತ್ತಿದೆ. ಪೈಪ್ ದೊಡ್ಡದು ಮಾಡುವ ಅಂದಾಜಿಗೆ ಕೈ ಹಾಕುವ ಮೊದಲು ಆ ಮನೆಗಳ ಹಿತ್ತಲು ನೋಡಿ ಬನ್ನಿ.

5. ಸಂಪರ್ಕವಿಲ್ಲದ ಲೈನು ಹೂಳಿನ ಗೂಡು

ಕೋಟಿಗಟ್ಟಲೆ ಸುರಿದು ಪೈಪ್ ಹಾಕಿರುತ್ತೇವೆ. ಮನೆಯ ನೀರು ಮಾತ್ರ ಇನ್ನೂ ಎದುರಿನ ತೆರೆದ ಚರಂಡಿಗೆ. ಪೈಪು ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ಬಿರುಸಿನ ಹೊತ್ತಿನಲ್ಲಿ ಸೆಕೆಂಡಿಗೆ 0.6 ಮೀಟರಾದರೂ ವೇಗ ಬೇಕು. ಬೀದಿಯ ಹತ್ತರಲ್ಲಿ ಮೂರೇ ಮನೆ ಸೇರಿದ್ದರೆ ಅಷ್ಟು ನೀರೆಲ್ಲಿಂದ ಬರಬೇಕು? ಮರಳು ಕೂರುತ್ತದೆ, ಕಟ್ಟುತ್ತದೆ, ಒತ್ತಡದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿ ಮೇಲಿಂದ ಮೇಲೆ ಅದೇ ಬೀದಿಗೆ ಹೋಗುತ್ತದೆ. ಕಡಿಮೆ ಜನ ಬಳಸುವ ಲೈನಿಗೇ ಹೆಚ್ಚು ಖರ್ಚು ಎಂಬ ಈ ತಿರುವುಮುರುವು ಕೌನ್ಸಿಲ್‌ಗೆ ಅರ್ಥ ಮಾಡಿಸಲು ನನಗೆ ಎರಡು ಅವಧಿ ಬೇಕಾಯಿತು.

ಜನಕ್ಕೆ ಸಂಪರ್ಕ ಬೇಡವೆಂದಲ್ಲ. ಠೇವಣಿ, ರಸ್ತೆ ಅಗೆತದ ಶುಲ್ಕ, ಪ್ಲಂಬರ್ ಕೂಲಿ ಮೂರೂ ಒಂದೇ ದಿನ ಕೈಯಿಂದ ಹೋಗಬೇಕು. ‘ಪಾಯಿಖಾನೆ ಗುಂಡಿ ಇನ್ನೂ ತುಂಬಿಲ್ಲವಲ್ಲ, ಅಷ್ಟೊಂದು ಅವಸರ ಏನಪ್ಪ?’ ಎಂದು ಒಬ್ಬ ಅಜ್ಜಿ ಕೇಳಿದರು. ಉತ್ತರ ತೋಚಲಿಲ್ಲ. ಆಮೇಲೆ ಕಂತಿಗೆ ಒಪ್ಪಿಸಿ, ರಸ್ತೆ ಮತ್ತೆ ಮತ್ತೆ ಹಾಳಾಗದಂತೆ ಬೀದಿಪೂರ್ತಿ ಒಟ್ಟಿಗೆ ಅಗೆಸಿದೆವು. ಅಜ್ಜಿಯ ಮನೆಯೂ ಸೇರಿತು.

6. ಮನುಷ್ಯ ಇಳಿಯಬಾರದು ಎಂದರೆ ಯಂತ್ರಕ್ಕೆ ದುಡ್ಡು ಇಡಬೇಕು

ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಚರಂಡಿ ಶುಚಿಗೆ ಇಳಿಸಬಾರದು ಎನ್ನುತ್ತದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸುತ್ತೋಲೆಗಳು ನೋಟಿಸ್ ಬೋರ್ಡಿನಲ್ಲಿ ಇರುತ್ತವೆ. ಆದರೆ ತಪ್ಪು ನಡೆಯುವುದು ಇಂಥ ಸಂಜೆಯಲ್ಲಿ:

ಮಾರನೆಯ ದಿನ ತೇರು. ರಥಬೀದಿಯ ತಿರುವಿನಲ್ಲಿ ಮ್ಯಾನ್‌ಹೋಲ್ ಉಕ್ಕುತ್ತಿದೆ. ನಮ್ಮ ಜೆಟ್ಟಿಂಗ್ ಯಂತ್ರದ ಹೋಸ್ ಒಡೆದು ವಾರವಾಗಿದೆ, ಹೊಸದರ ಬಿಲ್ಲು ಇನ್ನೂ ಟೇಬಲಿನಿಂದ ಟೇಬಲಿಗೆ ಓಡಾಡುತ್ತಿದೆ. ಅಧ್ಯಕ್ಷರ ಫೋನು, ಸದಸ್ಯರ ಫೋನು, ದೇವಸ್ಥಾನದವರ ಫೋನು. ಗುತ್ತಿಗೆದಾರ ಕಿವಿಯ ಹತ್ತಿರ ಬಂದು, ‘ಸಾರ್, ಹುಡುಗ ಒಬ್ಬನಿದ್ದಾನೆ, ಐದೇ ನಿಮಿಷ’ ಅಂದ. ಹುಡುಗ ಅಲ್ಲೇ ಇದ್ದ, ಅಂಗಿ ಬಿಚ್ಚುತ್ತಿದ್ದ. ಒಳಗಿನ ಗಾಳಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದುಕೊಂಡವನು ಹಿಂತಿರುಗಿ ಬರುವುದಿಲ್ಲ. ಬೇಡ ಎಂದೆ. ಪಕ್ಕದ ಪುರಸಭೆಯ ಯಂತ್ರ ಬಂದದ್ದು ರಾತ್ರಿ ಹನ್ನೊಂದೂವರೆಗೆ. ಅಷ್ಟು ಹೊತ್ತೂ ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೆ, ಚಪ್ಪಲಿ ಒದ್ದೆಯಾಗಿತ್ತು, ಬೈಗುಳವೂ ಸಾಕಷ್ಟು ಸಿಕ್ಕಿತು.

ಇದನ್ನು ನನ್ನ ಧೈರ್ಯದ ಕಥೆಯೆಂದು ಹೇಳುತ್ತಿಲ್ಲ. ಹೋಸಿಗೆ ದುಡ್ಡು ಇಡದೆ ಆ ಹುಡುಗನನ್ನು ಗುಂಡಿಯ ಅಂಚಿಗೆ ತಂದು ನಿಲ್ಲಿಸಿದ್ದೇ ನನ್ನ ಬಜೆಟ್. ಮುಂದಿನ ವರ್ಷದಿಂದ ಹೋಸ್, ನಾಝಲ್, ಗ್ಯಾಸ್ ಡಿಟೆಕ್ಟರ್ ತಪಾಸಣೆ, ಪಕ್ಕದೂರಿನ ಯಂತ್ರದ ಬಾಡಿಗೆ ಇವಕ್ಕೆ ಪ್ರತ್ಯೇಕ ಸಾಲುಗಳನ್ನೇ ಇಟ್ಟೆ. ಬಾಡಿಗೆ ದರ ಏಪ್ರಿಲ್‌ನಲ್ಲೇ ನಿಗದಿಯಾಗಿರಬೇಕು. ತೇರಿನ ಹಿಂದಿನ ದಿನ ಟೆಂಡರ್ ಕರೆಯಲಾಗದು.

7. ಕೊಡುತ್ತೇವೆ ಅಂದಾಗ ಎರಡು ಪ್ರಶ್ನೆ ಕೇಳಿ

ಕೇಂದ್ರದ 2015ರ ಅಮೃತ್, 2021ರ ಅಮೃತ್ 2.0 ಇಂಥ ಯೋಜನೆಗಳು ದುಡ್ಡು ಕೊಟ್ಟದ್ದು ಕಟ್ಟಲು. ಕಟ್ಟಿದ್ದನ್ನು ವರ್ಷವರ್ಷ ಓಡಿಸುವುದು ಕಡೆಗೆ ನಗರಸಭೆಯ ಹೆಗಲಿಗೇ. ಶುದ್ಧೀಕರಣ ಘಟಕಕ್ಕೆ ಠರಾವು ಮಾಡುವ ಮೊದಲು ಕೇಳಿ: ಬ್ಲೋವರ್‌ಗಳ ಕರೆಂಟ್ ಎಷ್ಟು? ಒಣಗಿದ ಕೆಸರು ಯಾವ ಗಾಡಿಯಲ್ಲಿ, ಎಲ್ಲಿಗೆ? ನಾನು ಕೇಳಿದಾಗ ಸಭೆಯಲ್ಲಿ ನಗು ಎದ್ದಿತು.

ಊರ ಹೊರಗಿನ ಚದುರಿದ ಬಡಾವಣೆಗಳಿಗೆಲ್ಲ ಪೈಪ್ ಎಳೆಯಲೇಬೇಕು ಎಂಬ ಹಟವೂ ಬೇಡ. 2015ರಲ್ಲಿ ದೇವನಹಳ್ಳಿಯಲ್ಲಿ ಪಾಯಿಖಾನೆ ಗುಂಡಿಯ ಕೆಸರನ್ನು ಗಾಡಿಯಲ್ಲಿ ತಂದು ಶುದ್ಧೀಕರಿಸುವ ಘಟಕ ಶುರುವಾಯಿತು. ನಾಲ್ಕಾರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಹೋಗುವ ಖರ್ಚನ್ನೂ, ಕಿಲೋಮೀಟರುಗಟ್ಟಲೆ ಪೈಪು, ಮತ್ತೊಂದು ವೆಟ್‌ವೆಲ್, ಮತ್ತೊಂದು ಮೋಟಾರಿನ ಖರ್ಚನ್ನೂ ಪಕ್ಕಪಕ್ಕ ಬರೆದು ನೋಡಿ. ಪೈಪಿನ ಉದ್ಘಾಟನೆಗೆ ಶಾಮಿಯಾನ ಹಾಕಬಹುದು, ಸಕ್ಕಿಂಗ್ ಗಾಡಿಗೆ ಹಾಕಲಾಗದು ಎಂಬುದೊಂದೇ ಅಡ್ಡಿ.

8. ಮುಚ್ಚಳ ಸ್ಟೋರಿನಲ್ಲಿರಲಿ

ಬೀಡು ಕಬ್ಬಿಣದ್ದಾದರೆ ಗುಜರಿಗೆ ಹೋಗುತ್ತದೆ, ಕಾಂಕ್ರೀಟಿನದಾದರೆ ಲಾರಿ ಚಕ್ರಕ್ಕೆ ಒಡೆಯುತ್ತದೆ. ಹತ್ತಿಪ್ಪತ್ತು ಯಾವಾಗಲೂ ಕೈಯಲ್ಲಿರಬೇಕು. ಮಾರ್ಚ್ ಖರೀದಿಗೆ ಕಾಯುವ ವಸ್ತು ಅದಲ್ಲ. ಬಾಯ್ದೆರೆದ ಗುಂಡಿ ಕಂಡರೆ ಬೀದಿಯವರೇ ಒಂದು ಕೊಂಬೆ ಮುರಿದು ನೆಟ್ಟು ಹೋಗುತ್ತಾರೆ. ಸಂತೆಪೇಟೆಯ ಹತ್ತಿರ ಒಮ್ಮೆ ಹಾಗೆ ನೆಟ್ಟಿದ್ದ ಹೊಂಗೆ ಕೊಂಬೆಯ ಎಲೆಯೆಲ್ಲ ಒಣಗಿ ಉದುರಿತ್ತು. ಯಾರೋ ಅದರ ಪಕ್ಕ ಇನ್ನೊಂದು ಹಸಿ ಕೊಂಬೆ ಸಿಕ್ಕಿಸಿ ಹೋಗಿದ್ದರು. ಮುಚ್ಚಳ ಹಿಡಿದು ನಾವು ಹೋಗುವಷ್ಟರಲ್ಲಿ ಅದೂ ಬಾಡಿತ್ತು.