ಹರಿಗೋಲು, ಕಯಾಕು ಮತ್ತು ಉಸಿರಿನ ನಳಿಗೆ

ಶ್ರೀರಂಗಪಟ್ಟಣದ ದ್ವೀಪದ ಮೂಡಣ ಭಾಗದಲ್ಲಿರುವ ಗಂಜಾಮಿನಲ್ಲಿ ಬಾಲ್ಯವನ್ನು ಕಳೆದವರಿಗೆ ನೀರು ಅಪರಿಚಿತ ವಸ್ತುವಲ್ಲ. ನಿಮಿಷಾಂಬೆಯ ಗುಡಿಯ ಬಳಿ ಮೆಟ್ಟಿಲುಗಳನ್ನಿಳಿದರೆ ಕಾವೇರಿ. ಗುಂಬಜನ್ನು ದಾಟಿ ಮುಂದೆ ನಡೆದರೆ, ದ್ವೀಪವನ್ನು ಎರಡು ಕವಲಾಗಿ ಬಳಸಿ ಬಂದ ಅದೇ ಕಾವೇರಿ ಮತ್ತೆ ಒಂದಾಗುವ ಸಂಗಮ. ನಾವು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಒಂದು ಬೇಸಗೆಯಲ್ಲಿ ನೀರಿನೊಳಗೆ ಕುಳಿತು ಉಸಿರಾಡುವ ಸಾಹಸಕ್ಕೆ ಕೈಹಾಕಿದ್ದೆವು. ಸಾಧನವೆಂದರೆ ಪರಂಗಿ ಎಲೆಯ ದಂಟು. ಅದು ಒಳಗೆ ಟೊಳ್ಳು, ಉದ್ದವೂ ಸಾಕಷ್ಟು. ಅದರ ಎರಡು ತುದಿಗಳನ್ನೂ ಕೊಯ್ದು, ಒಂದನ್ನು ಬಾಯಲ್ಲಿಟ್ಟು, ಮೂಗನ್ನು ಬಿಗಿಹಿಡಿದು ನಾಲೆಯ ನೀರಿನಲ್ಲಿ ಕುಳಿತೆವು. ಮುಖ ಮುಳುಗುವವರೆಗೆ ಉಸಿರು ಸಲೀಸಾಗಿ ಬಂದಿತು. ಎದೆ ಎರಡಡಿಯಷ್ಟು ಕೆಳಗಿಳಿದೊಡನೆ ಯಾರೋ ಅದರ ಮೇಲೆ ಹತ್ತಿ ಕುಳಿತಂತಾಯಿತು. ಎಷ್ಟು ಎಳೆದರೂ ಗಾಳಿ ಒಳಗೆ ಬಾರದು. ಕೆಮ್ಮುತ್ತ ಮೇಲೆದ್ದು, ದಂಟು ಸೀಳಿರಬೇಕೆಂದು ಬಗೆದು, ಮತ್ತೊಂದನ್ನು ಕೊಯ್ದೆವು. ದಂಟಿನ ಮೇಲೆ ನಾವು ಹೊರಿಸಿದ ಈ ಅಪವಾದ ಅನ್ಯಾಯವಾದುದೆಂದು ತಿಳಿಯಲು ಹಲವು ವರ್ಷಗಳೇ ಬೇಕಾದವು.

ಈ ಹಳೆಯ ಸಂಗತಿ ನೆನಪಾದದ್ದು ಕಳೆದ ಚಳಿಗಾಲದಲ್ಲಿ, ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ಉತ್ತರ ಕನ್ನಡದ ಕಡಲತೀರಕ್ಕೆ ಹೊರಟಾಗ. ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿನ ಕಾಂಡ್ಲಾ ವನಗಳ ನಡುವೆ ಕಯಾಕು ಎಂಬ ಕಿರಿದೋಣಿಯನ್ನು ನಡೆಸುವುದು, ಮರುದಿನ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಖಕ್ಕೆ ಗಾಜಿನ ಕವಚ ತೊಟ್ಟು, ಬಾಯಲ್ಲಿ ಸ್ನಾರ್ಕೆಲ್ ನಳಿಗೆಯನ್ನು ಕಚ್ಚಿ ಹವಳದ ಬಂಡೆಗಳನ್ನು ನೋಡುವುದು, ಇವು ನಮ್ಮ ಕಾರ್ಯಕ್ರಮ. ಎರಡಕ್ಕೂ ಅನುಭವಿಗಳಾದ ಮಾರ್ಗದರ್ಶಕರಿದ್ದರು. ಹೊರಡುವ ಹಿಂದಿನ ದಿನ ವಿದ್ಯಾರ್ಥಿಯೊಬ್ಬ ನಮ್ಮಲ್ಲಿಗೆ ಬಂದು, ಚೀಲದಿಂದ ಒಂದು ಮೀಟರು ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ತೆಗೆದು ತೋರಿಸಿದ. “ಅಂಗಡಿಯ ನಳಿಗೆ ಒಂದು ಮೊಳವೂ ಇಲ್ಲ. ಇದನ್ನು ಜೋಡಿಸಿದರೆ ಹವಳದ ಹತ್ತಿರಕ್ಕೇ ಇಳಿದು ನಿಧಾನವಾಗಿ ನೋಡಬಹುದಲ್ಲವೆ?” ಎಂಬುದು ಅವನ ಪ್ರಶ್ನೆ. ಪ್ರಶ್ನೆ ಬುದ್ಧಿವಂತಿಕೆಯದು, ಪ್ರಯೋಗ ಪ್ರಾಣಾಪಾಯದ್ದು. ಬೇಡವೆಂದು ಗದರಿದರೆ ಉತ್ತರ ಕೊಟ್ಟಂತಾಗುವುದಿಲ್ಲವಾದ್ದರಿಂದ, ಸಂಜೆ ಅವರೆಲ್ಲರನ್ನೂ ಸಂಗಮಕ್ಕೆ ಕರೆದೊಯ್ದು ಹರಿಗೋಲಿನಲ್ಲಿ ಕೂರಿಸಿದೆವು.

ಹರಿಗೋಲು ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಅದಕ್ಕೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಆ ಕೆಲಸವನ್ನು ಮಾಡುತ್ತವೆ. ಅದರ ವ್ಯಾಸ ಎರಡು ಮೀಟರು, ತಳ ಚಪ್ಪಟೆ ಎಂದಿಟ್ಟುಕೊಳ್ಳೋಣ. ಆಗ ತಳದ ವಿಸ್ತೀರ್ಣ ಸುಮಾರು 31,400 ಚದರ ಸೆಂಟಿಮೀಟರು. ಆರು ಜನರ ಭಾರ 360 ಕಿಲೋಗ್ರಾಮು, ಬುಟ್ಟಿಯದು 40, ಒಟ್ಟು 400. ಒಂದು ಸೆಂಟಿಮೀಟರು ಆಳದ ಸಿಹಿನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಗ್ರಾಮಿನ ಭಾರದಷ್ಟು ಒತ್ತಡವನ್ನು ಹಾಕುತ್ತದೆ. ಆಳ ಹೆಚ್ಚಿದಂತೆ ಒತ್ತಡವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಹಾಗಾದರೆ 400 ಕಿಲೋಗ್ರಾಮನ್ನು ಹೊರಲು ಹರಿಗೋಲು ಎಷ್ಟು ಮುಳುಗಬೇಕು? ಭಾಗಿಸಿ ನೋಡಿದರೆ 13 ಸೆಂಟಿಮೀಟರಿಗೂ ಕಡಮೆ! ಒಂದು ಗೇಣನ್ನೂ ಮುಟ್ಟದ ಈ ಆಳದ ನೀರು ಆರು ಮಂದಿಯನ್ನು ಎತ್ತಿಹಿಡಿದಿದೆ. ಕಲ್ಲುಬಂಡೆಗಳ ಮೇಲೆ ಹರಿಯುವ ನಮ್ಮ ನದಿಗಳಿಗೆ ಹರಿಗೋಲು ಹೇಳಿಮಾಡಿಸಿದಂತಿರುವುದು ಇದರಿಂದಲೇ. ಆರ್ಕಿಮಿಡೀಸನ ನಿಯಮವನ್ನು ಪಠ್ಯಪುಸ್ತಕದಲ್ಲಿ ಓದಿದವರು ಅನೇಕರು. ಆದರೆ ಅಲ್ಪವಾದ ಒತ್ತಡವೂ ವಿಶಾಲವಾದ ತಳವೂ ಕೂಡಿದರೆ ದೊಡ್ಡ ಬಲವಾಗುವುದೆಂಬುದನ್ನು ಕಣ್ಣಾರೆ ಕಾಣಲು ಹರಿಗೋಲಿಗಿಂತ ಉತ್ತಮವಾದ ಉಪಕರಣ ನಮಗೆ ತಿಳಿಯದು. ಈ ಲೆಕ್ಕವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಎದೆಯ ವಿಷಯಕ್ಕೆ ಬಂದಾಗ ಇದೇ ಲೆಕ್ಕವನ್ನು ತಿರುಗಿಸಿ ಮಾಡಬೇಕಾಗುತ್ತದೆ.

ಹರಿಗೋಲಿನ ಇನ್ನೊಂದು ಗುಣ ಅದರ ತಿರುಗಾಟ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು, ಇವು ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುತ್ತವೆಂದು ಬರೆದಿಟ್ಟಿದ್ದಾನೆ. ವೃತ್ತಕ್ಕೆ ಹಿಂದು ಮುಂದೆಂಬುದಿಲ್ಲ. ಎಲ್ಲ ದಿಕ್ಕಿನಲ್ಲಿಯೂ ನೀರಿನ ತಡೆ ಒಂದೇ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುವುದು ಸಹಜವೇ. ಅನುಭವಿಯಾದ ಅಂಬಿಗನು ಹೋಗಬೇಕಾದ ದಿಕ್ಕಿಗೆ ಬಾಗಿ, ಮುಂದಿನ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ.

ಮರುದಿನ ಹೊನ್ನಾವರದಲ್ಲಿ ನಾವು ಹತ್ತಿದ ಕಯಾಕು ಹರಿಗೋಲಿಗೆ ದೂರದ ನೆಂಟ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರು ಕಟ್ಟಿಗೆ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊಲಿದು ಇದನ್ನು ಮಾಡುತ್ತಿದ್ದರು. ಹಂದರ, ಅದರ ಮೇಲೆ ತೊಗಲು: ಉಪಾಯ ಎರಡು ಕಡೆಯೂ ಒಂದೇ, ಆಕಾರ ಮಾತ್ರ ಬೇರೆ. ಕಯಾಕು ಮೂರು ನಾಲ್ಕು ಮೀಟರು ಉದ್ದ, ಮುಕ್ಕಾಲು ಮೀಟರಿನಷ್ಟು ಅಗಲ. ಮೂತಿ ಪಕ್ಕಕ್ಕೆ ತಿರುಗಬೇಕಾದರೆ ಉದ್ದನೆಯ ಮೈ ನೀರನ್ನು ಅಡ್ಡಲಾಗಿ ತಳ್ಳಬೇಕು, ನೀರು ಒಪ್ಪುವುದಿಲ್ಲ. ಆದ್ದರಿಂದ ಅದು ನೇರವಾಗಿ ಓಡುತ್ತದೆ. ಎರಡು ತುದಿಗಳಲ್ಲೂ ಅಲಗುಳ್ಳ ಹುಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಳುವುದರಿಂದ ಉಳಿದ ಅಲ್ಪಸ್ವಲ್ಪ ತಿರುವೂ ಸರಿಹೋಗುತ್ತದೆ. ಆದರೆ ಈ ವೇಗಕ್ಕೆ ತೆರಬೇಕಾದ ಬೆಲೆಯೊಂದುಂಟು. ಉದ್ದವೂ ಭಾರವೂ ಒಂದೇ ಆಗಿದ್ದರೆ, ಮಗುಚದಂತೆ ತಡೆಯುವ ಗುಣ ಅಗಲದ ಘನವನ್ನು ಅನುಸರಿಸುತ್ತದೆ. ಅಗಲ ಅರ್ಧವಾದರೆ ಈ ಗುಣ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ಇಬ್ಬರು ಕಯಾಕಿನಲ್ಲಿ ಎದ್ದುನಿಂತು ಚಿತ್ರ ತೆಗೆಯಹೋಗಿ ಈ ಸೂತ್ರವನ್ನು ಮೈಯಾರೆ ಕಲಿತರು.

ಅವರನ್ನು ತೇಲಿಸಿದ್ದು ರಕ್ಷಣಾ ಕವಚ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರವಾದುದು. ಅರವತ್ತು ಕಿಲೋಗ್ರಾಮಿನ ಮನುಷ್ಯನಿಗೆ ಸಮುದ್ರವು ಕಾವೇರಿಗಿಂತ ಒಂದೂವರೆ ಕಿಲೋಗ್ರಾಮಿನಷ್ಟು ಹೆಚ್ಚಿನ ಆಸರೆಯನ್ನು ಕೊಡಬಲ್ಲದು. ಆದರೆ ತಲೆಯ ಭಾರವೇ ನಾಲ್ಕೈದು ಕಿಲೋಗ್ರಾಮು. ಸಮುದ್ರದಲ್ಲಿ ತಾನಾಗಿಯೇ ತೇಲಬಹುದೆಂದು ಕವಚವನ್ನು ಬಿಡುವವರು ಈ ವ್ಯವಕಲನವನ್ನು ಮಾಡಿಕೊಂಡಿಲ್ಲವೆಂದೇ ಹೇಳಬೇಕು.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರ. ಯಂತ್ರದ ದೋಣಿಯಲ್ಲಿ ಹೋಗುವಾಗಲೇ ನಳಿಗೆಯ ಪಾಠವನ್ನು ಆರಂಭಿಸಿದೆವು.

ಮನುಷ್ಯನು ಉಸಿರೆಳೆಯುವಾಗ ಎದೆಗೂಡನ್ನು ಹಿಗ್ಗಿಸುತ್ತಾನೆ. ಒಳಗಿನ ಒತ್ತಡ ತುಸು ಇಳಿಯುತ್ತದೆ; ಹೊರಗಿನ ಗಾಳಿ ನುಗ್ಗುತ್ತದೆ. ದಡದ ಮೇಲೆ ಇದಕ್ಕೆ ಬೇಕಾದ ವ್ಯತ್ಯಾಸ ಕೆಲವೇ ಸೆಂಟಿಮೀಟರು ಎತ್ತರದ ನೀರಿನ ಕಂಬದ ಒತ್ತಡದಷ್ಟು. ಈಗ ಒಂದು ಮೀಟರಿನ ನಳಿಗೆಯನ್ನು ಕಚ್ಚಿ ಅಷ್ಟೇ ಆಳದಲ್ಲಿ ಕುಳಿತಿರುವವನನ್ನು ಊಹಿಸೋಣ. ನಳಿಗೆಯ ಬಾಯಿ ಮೇಲೆ ತೆರೆದಿದೆ. ಆದ್ದರಿಂದ ಅವನ ಶ್ವಾಸಕೋಶದೊಳಗಿನ ಗಾಳಿಗೆ ಇರುವುದು ಮೇಲಿನ ವಾಯುವಿನ ಒತ್ತಡ ಮಾತ್ರ. ಆದರೆ ಎದೆಯ ಹೊರಗೆ ವಾಯುವಿನ ಒತ್ತಡವಲ್ಲದೆ, ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಮಿನಂತೆ ನೀರಿನದೂ ಸೇರಿದೆ. ಎದೆಯ ವಿಸ್ತೀರ್ಣವನ್ನು ಸಾವಿರ ಚದರ ಸೆಂಟಿಮೀಟರೆಂದು ಹಿಡಿದರೂ ಒಟ್ಟು 100 ಕಿಲೋಗ್ರಾಮು! ಒಂದು ಕ್ವಿಂಟಲ್ ಭತ್ತದ ಮೂಟೆಯನ್ನು ಎದೆಯ ಮೇಲೆ ಹೇರಿಕೊಂಡು, ಪ್ರತಿ ಉಸಿರಿಗೂ ಅದನ್ನು ಎತ್ತಿ ಇಳಿಸಬೇಕು. ಹರಿಗೋಲನ್ನು ಎತ್ತಿಹಿಡಿದ ಒತ್ತಡವೇ ಇಲ್ಲಿ ಎದೆಯನ್ನು ಅದುಮುತ್ತದೆ. ಬಲಿಷ್ಠನಾದವನು ತನ್ನ ಪೂರ್ಣ ಶಕ್ತಿಯಿಂದ ಒಂದೆರಡು ಸಲ ಎಳೆದಾನು. ಮೂರನೆಯದಕ್ಕೆ ಸ್ನಾಯುಗಳು ಸೋಲುತ್ತವೆ. ಅಷ್ಟೇ ಅಲ್ಲ, ಒಳಗಿನ ಕಡಮೆ ಒತ್ತಡದ ಕಡೆಗೆ ದೇಹದ ರಕ್ತವೂ ನುಗ್ಗಿ ಶ್ವಾಸಕೋಶದ ನಾಳಗಳು ಉಬ್ಬಿಕೊಳ್ಳುತ್ತವೆ. ಗಂಜಾಮಿನ ನಾಲೆಯಲ್ಲಿ ನಮ್ಮ ಎದೆಯ ಮೇಲೆ ಕುಳಿತವರಾರೆಂಬುದು ಈಗ ಸ್ಪಷ್ಟವಾಗಿರಬೇಕು.

ಹಾಗಾದರೆ ನಳಿಗೆಯೇ ಇಲ್ಲದೆ ಉಸಿರು ಬಿಗಿಹಿಡಿದು ಐದಾರು ಮೀಟರು ಮುಳುಗುವವನ ಎದೆ ಏಕೆ ಜಜ್ಜಿಹೋಗುವುದಿಲ್ಲ? ಅವನೊಳಗಿನ ಗಾಳಿ ಮುಚ್ಚಿದ ಚೀಲದಲ್ಲಿದೆ. ನೀರು ಅದುಮಿದಂತೆ ಅದು ಕುಗ್ಗಿ ತನ್ನ ಒತ್ತಡವನ್ನು ಹೆಚ್ಚಿಸಿಕೊಂಡು ನೀರಿಗೆ ಸಮನಾಗುತ್ತದೆ. ಹತ್ತು ಮೀಟರಿನಲ್ಲಿ ಗಾತ್ರ ಅರ್ಧ, ಒತ್ತಡ ಇಮ್ಮಡಿ. ಇದು ಬಾಯ್ಲನ ನಿಯಮ. ನಳಿಗೆಯವನ ಚೀಲಕ್ಕೆ ಮಾತ್ರ ಬಾಯಿ ತೆರೆದಿದೆ. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ಟೊ ಮತ್ತು ಗಾನ್ಯಾನ್ ಎಂಬುವರು ಸಿದ್ಧಪಡಿಸಿದ ಉಪಕರಣದ ಹಿರಿಮೆಯೂ ಇಲ್ಲಿಯೇ ಇದೆ: ಸಿಲಿಂಡರಿನ ಗಾಳಿಯನ್ನು ಅದು ಸುತ್ತಣ ನೀರಿನ ಒತ್ತಡಕ್ಕೆ ಸರಿಯಾಗಿ ಅಳೆದು ಬಾಯಿಗೆ ಕೊಡುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರವನ್ನು ಹೊಕ್ಕ ದುರ್ಯೋಧನನು ಜಲಸ್ತಂಭ ಮಂತ್ರವನ್ನು ನಂಬಿದನೇ ಹೊರತು ತಾವರೆಯ ದಂಟನ್ನು ನಂಬಲಿಲ್ಲ, ಚಲನಚಿತ್ರಗಳಲ್ಲಿ ಜೊಂಡಿನ ಕೊಳವೆ ಹಿಡಿದು ಕೆರೆಯ ತಳದಲ್ಲಿ ಅಡಗುವ ವೀರರಿಗಿಂತ ಅವನೇ ವಿವೇಕಿ.

ಮತ್ತೊಂದು ಕಾರಣ ಲೆಕ್ಕದಲ್ಲಿ ಇನ್ನೂ ಸ್ವಾರಸ್ಯವಾದುದು. ವಿರಾಮದಲ್ಲಿರುವ ವಯಸ್ಕನು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರು ಗಾಳಿಯನ್ನು ಎಳೆಯುತ್ತಾನೆ. ಅದರಲ್ಲಿ 150ರಷ್ಟು ಗಂಟಲು ಮತ್ತು ಶ್ವಾಸನಾಳಗಳಲ್ಲೇ ನಿಂತು, ಉಪಯೋಗಕ್ಕೆ ಬಾರದೆ ಹಿಂದಿರುಗುತ್ತದೆ. ಎರಡು ಸೆಂಟಿಮೀಟರು ಒಳವ್ಯಾಸದ, 38 ಸೆಂಟಿಮೀಟರು ಉದ್ದದ ನಳಿಗೆ ಇದಕ್ಕೆ 120ನ್ನು ಸೇರಿಸುತ್ತದೆ. ಹೊಸ ಗಾಳಿ 230 ಮಾತ್ರ. ಆದ್ದರಿಂದಲೇ ಮಾರ್ಗದರ್ಶಕರು ನಿಧಾನವಾಗಿ, ಆಳವಾಗಿ ಉಸಿರಾಡಿರೆಂದು ಹೇಳುವುದು: ಒಂದು ಲೀಟರು ಎಳೆದರೆ 730 ದಕ್ಕುತ್ತದೆ. ನಮ್ಮ ವಿದ್ಯಾರ್ಥಿಯ ಒಂದು ಮೀಟರಿನ ಕೊಳವೆ ಇಷ್ಟೇ ಅಗಲವಾಗಿದ್ದರೆ ಹಿಡಿಯುವುದು 314. ಐನೂರರಲ್ಲಿ 464 ಕಳೆದರೆ ಉಳಿಯುವುದು 36! ಉಳಿದುದೆಲ್ಲ ಅವನೇ ಬಿಟ್ಟ ಉಸಿರು. ಕೊಳವೆಯನ್ನು ಸಣ್ಣದು ಮಾಡಿದರಾಗದೆ ಎಂದು ಅವನು ಕೇಳಿದ. ವ್ಯಾಸವನ್ನು ಅರ್ಧ ಮಾಡಿದರೆ, ಗಾಳಿ ನಿಧಾನವಾಗಿ ಹರಿಯುವಾಗಲೂ ತಡೆ ಹದಿನಾರು ಮಡಿಯಾಗುತ್ತದೆ; ನೀರಿನ ಭಾರವಂತೂ ಎಳ್ಳಷ್ಟೂ ಕಡಮೆಯಾಗದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

ಇದಕ್ಕಿಂತ ಗೂಢವಾದ ಅಪಾಯ ಉಸಿರು ಬಿಗಿಹಿಡಿದು ಮುಳುಗುವುದರಲ್ಲಿದೆ. ಹೆಚ್ಚು ಹೊತ್ತು ಒಳಗಿರಲು ಕೆಲವರು ಮೊದಲು ಬಿರುಸಾಗಿ ಹತ್ತಿಪ್ಪತ್ತು ಸಲ ಉಸಿರಾಡುತ್ತಾರೆ. ಇದರಿಂದ ರಕ್ತದಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ತೀರ ಇಳಿದುಹೋಗುತ್ತದೆ. ಉಸಿರು ಬೇಕೆಂಬ ತಹತಹವನ್ನು ಹುಟ್ಟಿಸುವುದು ಮುಖ್ಯವಾಗಿ ಆ ಡೈಆಕ್ಸೈಡೇ. ಕಾವಲುಗಾರನನ್ನು ಮಲಗಿಸಿ ಮನೆಯನ್ನು ತೆರೆದಿಟ್ಟಂತೆ! ಆಳದಲ್ಲಿ ಒತ್ತಡದಿಂದಾಗಿ ಮಿದುಳಿಗೆ ಸಾಕಾಗುತ್ತಿದ್ದ ಆಮ್ಲಜನಕ, ಮೇಲೇರುವಾಗ ಒತ್ತಡ ಇಳಿದು ಸಾಲದಾಗುತ್ತದೆ. ನೀರಿನ ಮೇಲ್ಮೈ ಇನ್ನೇನು ಕೈಗೆ ಸಿಕ್ಕಿತೆನ್ನುವಾಗ ಪ್ರಜ್ಞೆ ತಪ್ಪುತ್ತದೆ. ಮುನ್ಸೂಚನೆಯೇ ಇರುವುದಿಲ್ಲ. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ. ನೇತ್ರಾಣಿಯ ಮಾರ್ಗದರ್ಶಕರು ಇಬ್ಬಿಬ್ಬರನ್ನು ಜೊತೆ ಮಾಡಿ, ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲಿದ್ದು ನೋಡುತ್ತಿರಬೇಕೆಂದು ಕಟ್ಟುನಿಟ್ಟು ಮಾಡಿದ್ದು ನಮಗೆ ಬಹಳ ಸಮಾಧಾನವನ್ನು ತಂದಿತು.

ಗಾಜಿನ ಕವಚದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಕಣ್ಣಿನ ಬೆಳಕು ಬಾಗಿಸುವ ಶಕ್ತಿಯ ಸುಮಾರು ಮೂರನೆಯ ಎರಡು ಪಾಲು ಗಾಳಿಗೂ ಕಾರ್ನಿಯಕ್ಕೂ ನಡುವಣ ಎಲ್ಲೆಯಿಂದ ದೊರಕುವುದು. ಕಣ್ಣಿಗೆ ನೀರು ತಗಲಿದರೆ ಆ ಶಕ್ತಿ ಬಹುಮಟ್ಟಿಗೆ ಇಲ್ಲವಾಗಿ ಎಲ್ಲವೂ ಮಸಕು. ಕವಚವು ಗಾಳಿಯನ್ನು ಮತ್ತೆ ಕಣ್ಣಿನ ಮುಂದೆ ತಂದಿಡುತ್ತದೆ. ಆದರೆ ನೀರಿನ ವಕ್ರೀಭವನಾಂಕ 1.33 ಆದುದರಿಂದ ನಾಲ್ಕು ಮೀಟರು ದೂರದ ಮೀನು ಮೂರು ಮೀಟರಿನಲ್ಲಿರುವಂತೆ ತೋರುತ್ತದೆ. ದಡಕ್ಕೆ ಬಂದ ಮೇಲೆ ಪ್ರತಿಯೊಬ್ಬರೂ ತಾವು ಕಂಡ ಗಿಳಿಮೀನು ಮೊಳದುದ್ದವಿತ್ತೆಂದರು. ನಾವು ನಾಲ್ಕನೆಯ ಒಂದು ಪಾಲನ್ನು ಕಳೆದೇ ಕೇಳಿದೆವು.

ಊರಿಗೆ ಮರಳಿದ ಮೇಲೆ ಆ ವಿದ್ಯಾರ್ಥಿ ತನ್ನ ಕೊಳವೆಯನ್ನು ಎಸೆಯಲಿಲ್ಲ. ಅದರ ಒಂದು ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಗಾಳಿ ಸೋರದಂತೆ ಕಟ್ಟಿ, ಚೀಲವನ್ನು ಊದಿ, ನೀರು ತುಂಬಿದ ಆಳವಾದ ಪೀಪಾಯಿಯಲ್ಲಿ ಇಳಿಸಿದ. ಮೇಲಿನ ತುದಿಯ ಬಳಿ ಕೆನ್ನೆಯನ್ನಿಟ್ಟರೆ ಚೀಲದ ಗಾಳಿಯೆಲ್ಲ ಸುಯ್ಯೆಂದು ಹೊರಬರುವುದು ತಿಳಿಯುತ್ತದೆ. ಮತ್ತೆ ಊದಿ ನೋಡಿದ. ಗೇಣು ಆಳದಲ್ಲಿ ಚೀಲ ಸುಲಭವಾಗಿ ಉಬ್ಬಿತು. ಪೀಪಾಯಿಯ ತಳದ ಹತ್ತಿರ, ಮುಖ ಕೆಂಪೇರಿ ಕಿವಿ ಬಿಸಿಯಾಗುವವರೆಗೆ ಊದಿದರೂ ಅದು ಅಂಗೈಯಗಲವೂ ಬಿಚ್ಚಿಕೊಳ್ಳಲಿಲ್ಲ. ಪೀಪಾಯಿಯಿರುವ ಮನೆಯಲ್ಲಿ ಈ ಪ್ರಯೋಗವನ್ನು ವಾಚಕರೂ ಮಾಡಿ ನೋಡಬಹುದು.