ಗಂಗಮ್ಮನ ಉಪವಾಸ

ಗಂಗಮ್ಮನ ತೂಕ 78 ಕಿಲೋ. ಅವಳಿಗೆ ಮೊಣಕಾಲು ನೋವು. ಸಕ್ಕರೆ ಕಾಯಿಲೆಯೂ ಇದೆ. ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಬೇಕು. "ತೂಕ ಇಳಿಸಿ, ನೋವು ಕಡಿಮೆ ಆಗುತ್ತೆ" ಅಂದರು ಡಾಕ್ಟರು.

ಗಂಗಮ್ಮ ಉಪವಾಸ ಶುರು ಮಾಡಿದಳು. ಸೋಮವಾರ ಶಿವನಿಗೆ. ಶನಿವಾರ ಹನುಮಪ್ಪನಿಗೆ. ಮೊದಲ ವಾರ ಎರಡು ಕಿಲೋ ಇಳಿಯಿತು. ಗಂಗಮ್ಮ ಹಿಗ್ಗಿದಳು. ಆಮೇಲೆ ಇಳಿಯಲೇ ಇಲ್ಲ. ಎರಡು ತಿಂಗಳಲ್ಲಿ ಮತ್ತೆ 78ಕ್ಕೇ ಬಂತು.

ಒಂದು ಸೋಮವಾರ ಅವಳು ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಕಳೆ ಕೀಳಲು ಹೋದಳು. ಹೊತ್ತು ಏರಿತು. ಕೈಕಾಲು ನಡುಗಿದವು. ಮೈಯೆಲ್ಲಾ ಬೆವರಿತು. ಕಣ್ಣು ಕತ್ತಲೆ ಬಂತು. ಬದುವಿನ ಮೇಲೆ ಕುಸಿದು ಕೂತಳು. ಸೊಸೆ ಓಡಿಬಂದು ಬೆಲ್ಲದ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಗಂಗಮ್ಮ ಚೇತರಿಸಿಕೊಂಡಳು.

ಸಂಜೆ ಆಶಾ ಕಾರ್ಯಕರ್ತೆ ಮನೆಗೆ ಬಂದಳು.

"ಗಂಗಕ್ಕ, ಈ ಮಾತ್ರೆ ರಕ್ತದ ಸಕ್ಕರೆ ಇಳಿಸುತ್ತೆ. ಊಟ ಬಿಟ್ರೂ ಸಕ್ಕರೆ ಇಳಿಯುತ್ತೆ. ಎರಡೂ ಸೇರಿದ್ರೆ ಜೀವಕ್ಕೇ ಅಪಾಯ. ಡಾಕ್ಟರನ್ನ ಕೇಳದೆ ಉಪವಾಸ ಮಾಡಬೇಡಿ."

"ಆಗಲವ್ವಾ. ಆದ್ರೆ ವಾರಕ್ಕೆ ಎರಡು ದಿನ ಉಪವಾಸ ಇದ್ರೂ ತೂಕ ಯಾಕೆ ಇಳೀಲಿಲ್ಲ?"

"ಉಪವಾಸದ ದಿನ ರಾತ್ರಿ ಏನು ತಿಂತೀರಿ?"

"ಫಲಾರ ಕಣವ್ವಾ. ಉಪ್ಪಿಟ್ಟು, ಅವಲಕ್ಕಿ, ನಾಲ್ಕು ಬಾಳೆಹಣ್ಣು. ಮಾರನೇ ದಿನ ಹಸಿವು ಜಾಸ್ತಿ. ಎರಡು ಮುದ್ದೆ ಉಣ್ಣೋ ಕಡೆ ಮೂರು ಉಣ್ತೀನಿ."

ಆಶಾ ಕಾರ್ಯಕರ್ತೆ ನಕ್ಕಳು. "ಬಿಟ್ಟಿದ್ದನ್ನೆಲ್ಲಾ ಬಡ್ಡಿ ಸೇರಿಸಿ ತಿಂದ್ರಿ! ಮೊದಲ ವಾರ ಇಳಿದದ್ದರಲ್ಲಿ ಬಹಳಷ್ಟು ಮೈಯ ನೀರು, ಕೊಬ್ಬಲ್ಲ. ಒಂದು ದಿನದ ಲೆಕ್ಕ ಸಾಲದು. ಇಡೀ ವಾರದ ಲೆಕ್ಕ ನೋಡಬೇಕು."

"ಶಿವನಿಗೆ ಏನು ಹೇಳಲಿ?"

"ಭಕ್ತಿ ಇರೋದು ಮನಸ್ಸಿನಲ್ಲಿ ಅಂತ ನೀವೇ ಹೇಳ್ತಿದ್ರಲ್ಲ ಅಕ್ಕ!"

ಮಾರನೇ ದಿನ ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮಾತ್ರೆ ಬದಲಾಯಿಸಿದರು. ಊಟದ ಕ್ರಮ ಹೇಳಿದರು. ಎಲ್ಲಾ ದಿನಕ್ಕೂ ಒಂದೇ ಕ್ರಮ ಬೇಡ ಅಂದರು.

ಹೊಲದ ಕೆಲಸದ ದಿನ: ಮೂರು ಹೊತ್ತು ಊಟ. ಮುದ್ದೆ, ಸೊಪ್ಪು, ಕಾಳಿನ ಸಾರು.
ಮನೆಯಲ್ಲಿರುವ ದಿನ: ಮುದ್ದೆ ಚಿಕ್ಕದು, ತರಕಾರಿ ಜಾಸ್ತಿ.
ಸೋಮವಾರ: ಬೆಳಿಗ್ಗೆ, ಮಧ್ಯಾಹ್ನ ಊಟ. ರಾತ್ರಿ ಹೆಸರುಕಾಳು ಉಸಲಿ, ಮಜ್ಜಿಗೆ.
ಹಬ್ಬದ ದಿನ: ಒಂದೇ ಒಬ್ಬಟ್ಟು. ಮಾರನೇ ದಿನ ಮತ್ತೆ ಮೊದಲಿನ ಕ್ರಮ.
ದಿನಾ: ರಾತ್ರಿ 7ಕ್ಕೆ ಊಟ ಮುಗಿಸಿ, ಬೆಳಿಗ್ಗೆ 7ರ ತನಕ ನೀರು ಮಾತ್ರ.

ಮೂರು ತಿಂಗಳಿಗೆ ತೂಕ 74 ಆಯಿತು. ಮತ್ತೆ ಅಲ್ಲೇ ನಿಂತಿತು. ಗಂಗಮ್ಮ ಬೇಸರಪಟ್ಟಳು.

"ಮೈ ಹಗುರಾದಷ್ಟೂ ಅದಕ್ಕೆ ಬೇಕಾದ ಆಹಾರವೂ ಕಡಿಮೆ. ಹಳೇ ಲೆಕ್ಕ ಸಾಲದು" ಅಂದಳು ಆಶಾ ಕಾರ್ಯಕರ್ತೆ. ಗಂಗಮ್ಮ ರಾತ್ರಿಯ ಅನ್ನ ಅರ್ಧ ಮಾಡಿದಳು. ದಿನಾ ಅರ್ಧ ಗಂಟೆ ನಡೆದಳು. ಆರು ತಿಂಗಳಿಗೆ 72 ಕಿಲೋ. ಈಗ ದೇವಸ್ಥಾನದ ಮೆಟ್ಟಿಲನ್ನು ತಾನೇ ಹತ್ತುತ್ತಾಳೆ.

ನೆನಪಿಡಿ

1. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ತೂಕ ಇಳಿಸಲು ಉಪವಾಸ ಮಾಡಬಾರದು.
2. ಸಕ್ಕರೆ ಕಾಯಿಲೆಯವರಿಗೆ ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ 3 ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ.
3. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.
4. ತೂಕ ನಿಧಾನವಾಗಿ ಇಳಿಯಲಿ.

ಅಭ್ಯಾಸ

1. ಗಂಗಮ್ಮ ಹೊಲದಲ್ಲಿ ಯಾಕೆ ಕುಸಿದಳು?
2. ಬಿಟ್ಟ ಜಾಗ ತುಂಬಿ: ರಾತ್ರಿ 7ರಿಂದ ಬೆಳಿಗ್ಗೆ 7ಕ್ಕೆ ____ ಗಂಟೆ.
3. ಲೆಕ್ಕ ಮಾಡಿ: 78 – 72 = ____ ಕಿಲೋ.
4. ಈ ವಾರ ನೀವು ಯಾವ ದಿನ ಏನು ಉಂಡಿರಿ? ಬರೆಯಿರಿ.