ಸಂತೆಯಿಂದ ಬಂದ ಹೇಂಟೆ: ಎಂಟನೇ ತರಗತಿಗೆ ಒಂದು ಅಭ್ಯಾಸ ಪಾಠ

ವಿಷಯ: ವಿಜ್ಞಾನ. ಘಟಕ: ಸೂಕ್ಷ್ಮಜೀವಿಗಳು. ಬೋಧನಾಂಶ: ಹೊಸದಾಗಿ ತಂದ ಕೋಳಿಗಳಲ್ಲಿ ಉಸಿರಾಟದ ತೊಂದರೆ ಮತ್ತು ಜಂತುಹುಳು. ಅವಧಿ: 40 ನಿಮಿಷ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ರೋಗಗಳ ಪಾಠಕ್ಕೆ ಕಾಲರಾ, ಕ್ಷಯಗಳ ಚಾರ್ಟನ್ನೇ ಸುರುಳಿ ಸುತ್ತಿಕೊಂಡು ಹೋಗುತ್ತಾರೆ. ಮಕ್ಕಳ ಹಿತ್ತಿಲಲ್ಲಿ ಅದಕ್ಕಿಂತ ಒಳ್ಳೆಯ ಉದಾಹರಣೆ ಕೆದಕುತ್ತಾ ಓಡಾಡುತ್ತಿರುತ್ತದೆ. ನಾಟಿ ಕೋಳಿಯ ಮೊಟ್ಟೆಯ ದುಡ್ಡು ಹಲವು ಮನೆಗಳಲ್ಲಿ ತಾಯಿಯ ಕೈಯಲ್ಲೇ ಉಳಿಯುವ ದುಡ್ಡು. ಸಂತೆಯಿಂದ ತಂದ ಎರಡು ಹೇಂಟೆಗಳು ಗೂಡಿನಲ್ಲಿದ್ದ ಹತ್ತಕ್ಕೂ ರೋಗ ಅಂಟಿಸಿದರೆ ಅದು ನೋಟ್‌ಬುಕ್ಕಿನ ಖರ್ಚಿನವರೆಗೂ ಬಂದು ಮುಟ್ಟುತ್ತದೆ.

ಪೀಠಿಕೆಗೆ ಒಂದೇ ಪ್ರಶ್ನೆ ಸಾಕು: "ನಿನ್ನೆ ತಂದ ಕೋಳಿ ಸೀನುತ್ತಿದೆ, ಉಸಿರಾಡುವಾಗ ಗೊರಗೊರ ಎನ್ನುತ್ತಿದೆ. ಏನು ಮಾಡುತ್ತೀರಿ?" "ಹುಳದ ಮಾತ್ರೆ ಕೊಡ್ತೀವಿ ಟೀಚರ್" ಎಂಬ ಉತ್ತರ ಬಂದೇ ಬರುತ್ತದೆ. ಅದಕ್ಕೆ ಕಾರಣವೂ ಇದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಅಂಗವಾಗಿ ಈ ಮಕ್ಕಳು ಶಾಲೆಯಲ್ಲೇ ಅಲ್ಬೆಂಡಜೋಲ್ ಮಾತ್ರೆ ಅಗಿದವರು. ಮೈ ಸರಿಯಿಲ್ಲದಿದ್ದರೆ ಹುಳ, ಹುಳವಿದ್ದರೆ ಮಾತ್ರೆ ಎಂಬುದು ಅವರ ಪೂರ್ವಜ್ಞಾನ. ಇಲ್ಲಿ "ತಪ್ಪು" ಎಂದು ಮುಂದೆ ಹೋಗುವ ಪ್ರಶಿಕ್ಷಣಾರ್ಥಿಗೆ ಪಾಠ ಅಲ್ಲಿಯೇ ಕೈತಪ್ಪುತ್ತದೆ. ಬದಲಿಗೆ ಕಪ್ಪುಹಲಗೆಯ ಮೇಲೆ ಕೋಳಿಯ ರೇಖಾಚಿತ್ರ ಬರೆದು, ಶ್ವಾಸನಾಳವನ್ನು ನೀಲಿ ಸೀಮೆಸುಣ್ಣದಲ್ಲೂ ಅನ್ನನಾಳ ಮತ್ತು ಕರುಳನ್ನು ಕೆಂಪಿನಲ್ಲೂ ತೋರಿಸಿ, ಕೇಳಿ: ಹುಳ ಯಾವ ದಾರಿಯಲ್ಲಿದೆ? ಗೊರಗೊರ ಯಾವ ದಾರಿಯಿಂದ ಬರುತ್ತಿದೆ?

ಕೋಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ದುಂಡುಹುಳು, ಅಸ್ಕರಿಡಿಯಾ, ಕರುಳಿನಲ್ಲಿ ಬೆಳೆಯುತ್ತದೆ. ಅದು ಹೆಚ್ಚಾದರೆ ಕೋಳಿ ಬಡಕಲಾಗುತ್ತದೆ, ಜುಟ್ಟು ಬಿಳಿಚುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಅದರಿಂದ ಸೀನು ಬರುವುದಿಲ್ಲ. ಸೀನು, ಮೂಗಿನ ಸೋರಿಕೆ, ಕಣ್ಣಿನ ಮೂಲೆಯಲ್ಲಿ ನೊರೆ, ಊದಿದ ಮುಖ ಕಂಡರೆ ಮೊದಲು ಶಂಕಿಸಬೇಕಾದವುಗಳಲ್ಲಿ ಒಂದು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಅದು ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಅಡಗಿದ್ದು, ಬುಟ್ಟಿಯಲ್ಲಿ ಕಾಲು ಕಟ್ಟಿಸಿಕೊಂಡು ಬಸ್ಸಿನಲ್ಲಿ ಬಂದ ದಣಿವಿನ ನಂತರ ತಲೆಯೆತ್ತುತ್ತದೆ. ಪಠ್ಯದಲ್ಲಿ ಈಗಾಗಲೇ ಪೆನಿಸಿಲಿನ್ ಬಂದಿರುವುದರಿಂದ ಇಲ್ಲೊಂದು ಕೊಂಡಿ ಹಾಕಬಹುದು. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿಯ ರಚನೆಯನ್ನು ತಡೆಯುತ್ತದೆ. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಕೊಕ್ಕರೆ ರೋಗ ಬೇರೆ. ಅದು ವೈರಸ್ಸಿನಿಂದ ಬರುತ್ತದೆ. ಉಸಿರಾಟದ ಕಷ್ಟದ ಜೊತೆಗೆ ಹಸಿರು ಭೇದಿ, ಕತ್ತು ತಿರುಚುವಿಕೆ ಕಾಣಬಹುದು. ಅದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯಿದೆ.

ಇಷ್ಟಾದ ಮೇಲೆ ಯಾರಾದರೊಬ್ಬರು "ಹಾಗಾದ್ರೆ ಹುಳಕ್ಕೂ ಉಸಿರಿಗೂ ಸಂಬಂಧವೇ ಇಲ್ವಾ?" ಎಂದರೆ ಪಾಠ ಗೆದ್ದಂತೆ. ಸಂಬಂಧವಿದೆ. ಸಿಂಗಾಮಸ್ ಎಂಬ ಕೆಂಪು ಹುಳ ಶ್ವಾಸನಾಳದಲ್ಲೇ ಕಚ್ಚಿಕೊಂಡಿರುತ್ತದೆ. ಗಂಡು ಹೆಣ್ಣು ಸದಾ ಕೂಡಿಕೊಂಡೇ ಇರುವುದರಿಂದ ಕವೆಗೋಲಿನ ಆಕಾರ. ಮರಿಗಳಲ್ಲಿ ಇದರ ಕಾಟ ಹೆಚ್ಚು. ಅವು ಕತ್ತು ಚಾಚಿ, ಬಾಯಿ ತೆರೆದು ಗಾಳಿಗಾಗಿ ಹಂಬಲಿಸುತ್ತವೆ. ಈ ಹುಳದ ಮರಿಗಳನ್ನು ಎರೆಹುಳು, ಬಸವನಹುಳುಗಳು ಒಡಲಲ್ಲಿ ಇಟ್ಟುಕೊಂಡಿರುತ್ತವೆ. ಅಡಿಕೆ ತೋಟದ ತರಗೆಲೆ, ಗೊಬ್ಬರಗುಂಡಿಯ ಅಂಚು ಕೆದಕುವ ಮಲೆನಾಡಿನ ಕೋಳಿಗೆ ಇವೆರಡಕ್ಕೂ ಬರವಿಲ್ಲ. ಮಕ್ಕಳ ಮೊದಲ ಉತ್ತರಕ್ಕೆ ಇಲ್ಲಿ ಮರಳಿ ಗೌರವ ಸಲ್ಲಬೇಕು: ಊಹೆ ಅಸಾಧ್ಯವಾದದ್ದೇನೂ ಅಲ್ಲ, ಆದರೆ ನೋಡದೆ ನಿರ್ಧರಿಸುವಂತಿಲ್ಲ. ಹಲಗೆಯನ್ನು ಎರಡು ಭಾಗ ಮಾಡಿ 'ಕಂಡದ್ದು', 'ಊಹಿಸಿದ್ದು' ಎಂದು ಬರೆಸಿ. 'ಗೊರಗೊರ' ಮೊದಲನೆಯದರಲ್ಲಿ, 'ಹುಳ' ಎರಡನೆಯದರಲ್ಲಿ. ಪ್ರತಿ ಊಹೆಗೂ ಇನ್ನೇನು ಕಂಡರೆ ಅದು ಗಟ್ಟಿಯಾಗುತ್ತದೆ ಎಂದು ಕೇಳಿ. ನನ್ನ ಪ್ರಕಾರ ಅವಧಿಯ ಅರ್ಧ ಇದಕ್ಕೇ ಹೋದರೂ ನಷ್ಟವಿಲ್ಲ.

ಹೊಸ ಕೋಳಿಯನ್ನು ಮೂರು-ನಾಲ್ಕು ವಾರ ದೂರದ ಬೇರೆ ಗೂಡಿನಲ್ಲಿಡಬೇಕು. ನೀರಿನ ಬಟ್ಟಲೂ ಬೇರೆ. ಹಳೆಯವಕ್ಕೆ ಮೊದಲು ಕಾಳು ಹಾಕಿ, ಹೊಸದಕ್ಕೆ ಕೊನೆಯಲ್ಲಿ ಹಾಕಿ, ಕೈಕಾಲು ತೊಳೆದುಕೊಳ್ಳಬೇಕು. ಏಕೆ ಈ ಕ್ರಮ ಎಂದು ಮಕ್ಕಳೇ ಹೇಳಬಲ್ಲರು. ಆಗುಂಬೆ, ಹುಲಿಕಲ್ಲುಗಳ ಮಳೆ ಕಂಡ ಸೀಮೆಯಲ್ಲಿ ಗೂಡಿನ ನೆಲ ಒಣಗಿರುವುದೇ ಕಷ್ಟ. ತೇವಗೊಂಡ ಹಿಕ್ಕೆಯಿಂದ ಏಳುವ ಅಮೋನಿಯಾ ಶ್ವಾಸನಾಳವನ್ನು ಕೆರಳಿಸುತ್ತದೆ. ಬೆಚ್ಚಗಿನ ತೇವದಲ್ಲಿ ದುಂಡುಹುಳುವಿನ ಮೊಟ್ಟೆಗಳು ಎರಡು ಮೂರು ವಾರದೊಳಗೆ ಸೋಂಕು ತಗುಲಿಸುವ ಹಂತಕ್ಕೆ ಬರುತ್ತವೆ. ಹಾಗಾಗಿ ಜಂತುನಾಶಕವನ್ನು ಹಿತ್ತಿಲಿಗೆ ಬಿಡುವ ಮುನ್ನ, ಬೇರೆ ಇಟ್ಟಿರುವಾಗಲೇ ಕೊಡಿಸುವುದು ಮೇಲು. ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದಲ್ಲಿ ಹುಳದ ಮೊಟ್ಟೆ ಕಾಣುತ್ತದೆ. ಆದರೆ ಹುಳ ಬಲಿತು ಮೊಟ್ಟೆಯಿಡಲು ಐದಾರು ವಾರ ಬೇಕಾದ್ದರಿಂದ, ಒಮ್ಮೆ ಕಾಣದಿದ್ದರೆ ಹುಳವೇ ಇಲ್ಲವೆಂದಲ್ಲ.

ಔಷಧದ ಪ್ರಮಾಣ ಪಶುವೈದ್ಯರದು. ತೂಕ ಮಾತ್ರ ಮಕ್ಕಳ ಕೆಲಸವಾಗಬಹುದು: ನಾಟಿ ಹೇಂಟೆಗೂ ಗಿರಿರಾಜಕ್ಕೂ ತೂಕ ಒಂದೇ ಅಲ್ಲ, ಮನುಷ್ಯರ ಮಾತ್ರೆಯನ್ನು ಕಣ್ಣಂದಾಜಿನಲ್ಲಿ ಮುರಿದು ಕೊಡುವುದು ಏಕೆ ಸಲ್ಲದು ಎಂಬುದು ಇದರಿಂದಲೇ ಹೊಳೆಯುತ್ತದೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ವೈದ್ಯರಲ್ಲೇ ಕೇಳಿಕೊಳ್ಳುವಂತೆ ತಿಳಿಸಿ.

ಬೋಧನೋಪಕರಣವೆಂದು ಕಾಯಿಲೆಯ ಕೋಳಿಯನ್ನು ತರಗತಿಗೆ ತರಿಸಕೂಡದು. ಸತ್ತದ್ದನ್ನು ಕೊಯ್ದು ತೋರಿಸುವ ಉತ್ಸಾಹವೂ ಬೇಡ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಹಳ್ಳಕ್ಕೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಬೇಕೆಂಬುದು ಮನೆಗೆ ತಲುಪಬೇಕಾದ ಮಾತು.

ಮೌಲ್ಯಮಾಪನಕ್ಕೆ ರೋಗಗಳ ಹೆಸರು ಕೇಳಬೇಡಿ. ಹೀಗೆ ಕೇಳಿ: "ಅಜ್ಜಿ ಸಂತೆಯಿಂದ ಎರಡು ಹೇಂಟೆ ತಂದು ಹಳೆಯವುಗಳ ಜೊತೆ ಬಿಟ್ಟಿದ್ದಾರೆ. ಮೂರನೆಯ ದಿನ ಒಂದು ಸೀನುತ್ತಿದೆ. ಇನ್ನೊಂದರ ಹಿಕ್ಕೆಯಲ್ಲಿ ಹುಳವಿದೆ. ಇಂದು ಸಂಜೆ ನೀನು ಏನೇನು ಮಾಡುತ್ತೀ, ಅಜ್ಜಿಗೆ ಏನು ಹೇಳುತ್ತೀ?" ಎರಡನ್ನೂ ಕೂಡಲೇ ಬೇರೆ ಮಾಡುವುದು, ಸೀನನ್ನೂ ಹುಳವನ್ನೂ ಬೇರೆ ಬೇರೆ ತೊಂದರೆಯಾಗಿ ವೈದ್ಯರಿಗೆ ವಿವರಿಸುವುದು, ಹಳೆಯ ಕೋಳಿಗಳ ಮೇಲೂ ಕಣ್ಣಿಡುವುದು ಉತ್ತರದಲ್ಲಿದ್ದರೆ ಪೂರ್ಣ ಅಂಕ ಕೊಡಿ. ಅಜ್ಜಿಗೆ ನೋವಾಗದಂತೆ ಹೇಳುವ ಬಗೆಯನ್ನು ಬರೆದ ಮಗುವಿನ ಉತ್ತರವನ್ನು ತರಗತಿಯಲ್ಲಿ ಓದಿಸಿ.